ಹಿಮದ ಮೇಲಿನ ದೀರ್ಘ ಸೈಕಲ್ ಸ್ಪರ್ಧೆ: ಬೆಂಬಲಿಗರ ಸಿದ್ಧತೆ ಹೇಗಿರಬೇಕು?

ಪ್ರಶ್ನೆ: ಮುದ್ದೇನಹಳ್ಳಿ ಸವಾರ
ಎಲ್ಲರಿಗೂ ನಮಸ್ಕಾರ. ನಂದಿ ಬೆಟ್ಟದ ರಸ್ತೆಯಲ್ಲೇ ಪಳಗಿ, ಹಲವು ಬ್ರೆವೆಗಳನ್ನು (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗಳನ್ನು) ಮುಗಿಸಿರುವ ನನ್ನ ತಮ್ಮ ಈಗ ಅಮೆರಿಕದ ಮಿನ್ನೆಸೋಟಾದಲ್ಲಿ ಜನವರಿ ಕೊನೆಗೆ ನಡೆಯುವ ಆರೋಹೆಡ್ 135 ಸ್ಪರ್ಧೆಗೆ ಹೋಗಬೇಕೆಂದಿದ್ದಾನೆ. ದೂರ 135 ಮೈಲಿ, ಅಂದರೆ ಸುಮಾರು 217 ಕಿಲೋಮೀಟರ್. ಗಡುವು 60 ಗಂಟೆ. ನಾನೂ ಜೊತೆಗೆ ಹೋಗಿ, ಬಾಡಿಗೆ ಕಾರಿನಲ್ಲಿ ಬಿಸಿ ಊಟ ಮತ್ತು ಒಣ ಬಟ್ಟೆ ಇಟ್ಟುಕೊಂಡು ಅಲ್ಲಲ್ಲಿ ಅವನನ್ನು ಎದುರುಗೊಳ್ಳುವ ಆಲೋಚನೆಯಿದೆ. ಚಿಕ್ಕಬಳ್ಳಾಪುರದಲ್ಲಿದ್ದುಕೊಂಡೇ ಏನೇನು ಸಿದ್ಧತೆ ಮಾಡಿಕೊಳ್ಳಬಹುದೆಂದು ತಿಳಿದವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಪಿನಾಕಿನಿ ತೀರ
ಕಾರಿನ ಯೋಜನೆಯನ್ನು ಮೊದಲು ಕೈಬಿಡಿ. ಈ ಸ್ಪರ್ಧೆಯಲ್ಲಿ ದಾರಿಯ ನಡುವೆ ಹೊರಗಿನವರ ನೆರವು ಪಡೆಯುವಂತಿಲ್ಲ. ಹಿಂದೆ ಕಾರು ಬರುತ್ತದೆಂಬ ಭರವಸೆಯಲ್ಲಿ ಸಾಮಾನು ಕಡಿಮೆ ಮಾಡಿಕೊಂಡವನಿಗೆ ಕಾಡಿನ ನಡುವೆ ಅದೇ ಅಪಾಯವಾಗುತ್ತದೆ. ಮೈನಸ್ 20 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 29 ಡಿಗ್ರಿ ಸೆಲ್ಸಿಯಸ್ ತಡೆಯುವ ಮಲಗುವ ಚೀಲ, ಸ್ಟೌವ್, ಇಂಧನ, ಆಹಾರ ಇವೆಲ್ಲವನ್ನೂ ಸವಾರನೇ ಹೊರಬೇಕು. ಸ್ಪರ್ಧೆ ಮುಗಿಯುವ ಟವರ್ ಊರಿನ ಬಳಿ 1996ರ ಫೆಬ್ರವರಿ 2ರಂದು ಮೈನಸ್ 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು ಎಂಬುದನ್ನು ನೆನಪಿಡಿ. ಹಾಗೆಂದು ನಿಮ್ಮ ಪ್ರಯಾಣ ವ್ಯರ್ಥವಲ್ಲ. ಹೊರಡುವ ಮುನ್ನ ಸಾಮಾನಿನ ತಪಾಸಣೆ, ಅವನು ಎಲ್ಲಿದ್ದಾನೆಂಬುದರ ಮೇಲೆ ಕಣ್ಣು, ಅವನು ಮುಟ್ಟುವ ಹೊತ್ತಿಗೆ ಬೆಚ್ಚಗಿನ ಕೋಣೆ ಮತ್ತು ವಾಹನ, ಇಷ್ಟೂ ನಿಮ್ಮ ಪಾಲಿನ ಕೆಲಸ. ಅಲ್ಲಿನ ಬೆಳಗಿನ ಏಳು ಗಂಟೆ ನಮಗೆ ಸಂಜೆ ಆರೂವರೆ. ಮನೆಯವರಿಗೆ ಯಾವಾಗ ಫೋನ್ ಮಾಡುವಿರೆಂದು ಮೊದಲೇ ಹೇಳಿಡದಿದ್ದರೆ ಅವರು ರಾತ್ರಿಯಿಡೀ ನಿದ್ದೆಗೆಡುತ್ತಾರೆ.

ಉತ್ತರ: ಗೌರಿಬಿದನೂರು ಪೆಡಲ್
ಸಾಮಾನಿನ ಪರೀಕ್ಷೆ ಇಲ್ಲಿಯೇ ಸಾಧ್ಯ. ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹೆಡ್‌ಲೈಟ್ ಮತ್ತು ಅದರ ಬ್ಯಾಟರಿಯನ್ನು ಒಂದು ರಾತ್ರಿ ಅದರಲ್ಲಿಟ್ಟು, ಬೆಳಿಗ್ಗೆ ಎಷ್ಟು ಹೊತ್ತು ಉರಿಯುತ್ತದೆಂದು ಬರೆದುಕೊಳ್ಳಿ. ಹಾಗೆ ಹೆಪ್ಪುಗಟ್ಟಿದ ಲಿಥಿಯಂ ಅಯಾನ್ ಬ್ಯಾಟರಿಯನ್ನು ಬೆಚ್ಚಗಾಗುವ ಮುನ್ನ ಚಾರ್ಜ್‌ಗೆ ಹಾಕಬೇಡಿ, ಅದು ಕೆಡುತ್ತದೆ. ಹಿಂಬದಿ ಹಬ್‌ನ (ಚಕ್ರದ ನಡುಭಾಗದ) ಸಾಮಾನ್ಯ ಗ್ರೀಸ್ ಚಳಿಗೆ ಗಟ್ಟಿಯಾದರೆ ಪೆಡಲ್ ತುಳಿದರೂ ಚಕ್ರ ತಿರುಗದಿರಬಹುದು. ಆದ್ದರಿಂದ ಶೀತ ಪ್ರದೇಶದ ಗ್ರೀಸ್ ಹಾಕಿಸಿ. ಅಭ್ಯಾಸಕ್ಕೆ ನಮ್ಮ ಬತ್ತಿದ ಕೆರೆಯಂಗಳದ ಮರಳೇ ಸಾಕು: ನಾಲ್ಕೈದು ಇಂಚು ಅಗಲದ ಟೈರಿನಲ್ಲಿ ಗಾಳಿಯನ್ನು ಹತ್ತು ಪಿಎಸ್‌ಐಗಿಂತ ಕೆಳಗಿಳಿಸಿ, ಪೂರ್ತಿ ಹೊರೆಯೊಂದಿಗೆ ಓಡಿಸಲಿ.

ಉತ್ತರ: ಕೋಲಾರದ ವೈದ್ಯ
ಮರಳು ಸಮತೋಲನವನ್ನಷ್ಟೇ ಕಲಿಸುತ್ತದೆ, ಬೆವರನ್ನು ನಿಭಾಯಿಸುವುದನ್ನಲ್ಲ. ಏರಿನಲ್ಲಿ ಬೆವತು ಒದ್ದೆಯಾದ ಬಟ್ಟೆ ಇಳಿಜಾರಿನಲ್ಲಿ ಮೈಯ ಶಾಖವನ್ನೆಲ್ಲ ಹೀರುವುದರಿಂದ, ಬೆವರುವ ಮೊದಲೇ ಒಂದು ಪದರ ಕಳಚುವ ಅಭ್ಯಾಸವನ್ನು ನಂದಿಯ ಡಿಸೆಂಬರ್ ಮುಂಜಾನೆಗಳಲ್ಲಿ ಮಾಡಿಸಬೇಕು, ಅಲ್ಲಿ ಚಳಿ ಅಷ್ಟಿಲ್ಲದಿದ್ದರೂ ಸರಿಯೇ. ಬೆರಳು ಬಿಳಿಚಿ ಸ್ಪರ್ಶ ತಿಳಿಯದಂತಾದರೆ ಅದನ್ನು ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು. ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ಕರಗಿಸಲೂಬಾರದು. ಸುರಕ್ಷಿತ ಜಾಗ ತಲುಪಿದ ನಂತರ 37ರಿಂದ 39 ಡಿಗ್ರಿಯ ನೀರಿನಲ್ಲಿಟ್ಟು ಆಸ್ಪತ್ರೆಗೆ ಕರೆದೊಯ್ಯಬೇಕು. ಹಿಮಗಾಯಕ್ಕೂ ಅನ್ವಯಿಸುವ ವಿಮೆ ಇದೆಯೇ ಎಂದು ಪಾಲಿಸಿಯ ಷರತ್ತುಗಳನ್ನು ಪೂರ್ತಿ ಓದಿ.

ಮುದ್ದೇನಹಳ್ಳಿ ಸವಾರ
ತಮ್ಮೆಲ್ಲರಿಗೂ ಕೃತಜ್ಞತೆಗಳು. ಕಾರಿನ ಯೋಜನೆ ಬಿಟ್ಟೆವು. ಸ್ಟೌವ್ ಮತ್ತು ಇಂಧನವನ್ನು ಇಲ್ಲಿಂದಲೇ ಒಯ್ಯಬಹುದೇ?

ಪಿನಾಕಿನಿ ತೀರ
ಇಂಧನವನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲಿಯೇ ಕೊಳ್ಳಿ. ಬ್ಯೂಟೇನ್ ಸೊನ್ನೆ ಡಿಗ್ರಿಯ ಸುತ್ತಲೇ ಆವಿಯಾಗುವುದನ್ನು ನಿಲ್ಲಿಸುವುದರಿಂದ, ಪಂಪ್ ಮಾಡುವ ದ್ರವ ಇಂಧನದ ಸ್ಟೌವ್ ಆಗಿರಲಿ. ಬಳಸಿದ ಸ್ಟೌವ್ ಆಗಿದ್ದರೆ ವಾಸನೆ ಉಳಿಯದಂತೆ ತೊಳೆದು, ವಿಮಾನ ಸಂಸ್ಥೆಯ ಒಪ್ಪಿಗೆ ಕೇಳಿಕೊಂಡು ಪ್ಯಾಕ್ ಮಾಡಿ. ಪವರ್ ಬ್ಯಾಂಕ್‌ಗಳು ಕೈಚೀಲದಲ್ಲೇ ಇರಬೇಕು.