ಗ್ರಾಫಿಕ್ ಕಾದಂಬರಿ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ತೇಜಸ್ವಿ, ವೈದೇಹಿ ಓದಿಕೊಂಡು ಬಂದವಳು ನಾನು. ಚಿತ್ರಗಳಲ್ಲೇ ಕಥೆ ಹೇಳುವ ಗ್ರಾಫಿಕ್ ಕಾದಂಬರಿ ಈಗಷ್ಟೇ ಹಿಡಿದಿದ್ದೇನೆ. ಬೇಗ ಮುಗಿದುಹೋಗುತ್ತದೆ, ಮನಸ್ಸಲ್ಲಿ ಏನೂ ನಿಲ್ಲುವುದಿಲ್ಲ. ಯಾವುದನ್ನು ಓದಲಿ, ಹೇಗೆ ಓದಲಿ? ಓದಿದವರು ಹೇಳಿ.

ಉತ್ತರ 1: ಬೇಗ ಮುಗಿಯುತ್ತಿದೆ ಅಂದರೆ ನೀವು ಬರಹವನ್ನಷ್ಟೇ ಓದುತ್ತಿದ್ದೀರಿ ಅನ್ನಿಸುತ್ತದೆ. ಪುಟ ತಿರುವಿದ ಕೂಡಲೇ ಮೊದಲು ಚಿತ್ರ ನೋಡಿ, ಆಮೇಲೆ ಮಾತು ಓದಿ.

ಶುರುವಿಗೆ ಮರ್ಜಾನ್ ಸತ್ರಾಪಿಯವರ 'ಪರ್ಸೆಪೊಲಿಸ್' ತಗೊಳ್ಳಿ. ಇರಾನಿನಲ್ಲಿ 1979ರ ಕ್ರಾಂತಿಯ ಕಾಲಕ್ಕೆ ಬೆಳೆದ ಹುಡುಗಿಯ ಕಥೆ, ಅವರದೇ ಬದುಕು. ಮೊದಲು ಬಂದದ್ದು ಫ್ರೆಂಚಿನಲ್ಲಿ, ಇಂಗ್ಲಿಷ್ ಅನುವಾದ ಸುಲಭವಾಗಿ ಸಿಗುತ್ತದೆ. ಚಿತ್ರಗಳು ಬರೀ ಕಪ್ಪು ಬಿಳುಪು. ಟೆಹರಾನಿನಲ್ಲಿ ನೆರೆಮನೆಯ ಮೇಲೆ ಕ್ಷಿಪಣಿ ಬೀಳುವ ಅಧ್ಯಾಯವಿದೆ. ಅದರ ಕೊನೆಯ ಚೌಕ ಪೂರ್ತಿ ಕಪ್ಪು, ಚಿತ್ರವೇ ಇಲ್ಲ. ಹುಡುಗಿ ಕಂಡದ್ದನ್ನು ಬಿಡಿಸದೆ ಬಿಟ್ಟಿದ್ದಾರಲ್ಲ, ಅದಕ್ಕೇ ನನಗೆ ಮುಂದಿನ ಪುಟ ತಿರುವಲು ಆಗಲಿಲ್ಲ. ವಿಯೆನ್ನಾಕ್ಕೆ ಹೋದ ಮೇಲಿನ ಭಾಗ ನನಗೆ ಅಷ್ಟು ಹಿಡಿಸಲಿಲ್ಲ.

ಆಮೇಲೆ ಆರ್ಟ್ ಸ್ಪೀಗೆಲ್‌ಮನ್ ಅವರ 'ಮೌಸ್', ಹಿಟ್ಲರನ ಕಾಲದ ಯಹೂದಿ ಹತ್ಯಾಕಾಂಡದಿಂದ ಬದುಕುಳಿದ ಅವರ ಅಪ್ಪನ ಕಥೆ. 1992ರಲ್ಲಿ ಪುಲಿಟ್ಜರ್‌ನ ವಿಶೇಷ ಪ್ರಶಸ್ತಿ ಪಡೆದ ಕೃತಿ. ಯಹೂದಿಗಳು ಇಲಿಗಳು, ಜರ್ಮನ್ನರು ಬೆಕ್ಕುಗಳು, ಪೋಲೆಂಡಿನವರು ಹಂದಿಗಳು. ಯಹೂದಿ ದಂಪತಿ ಪೋಲಿಷರಂತೆ ನಟಿಸಿ ತಪ್ಪಿಸಿಕೊಂಡು ಓಡಾಡುವಾಗ ಇಲಿಯ ಮುಖಕ್ಕೆ ಹಂದಿಯ ಮುಖವಾಡ ಕಟ್ಟಿರುತ್ತದೆ. ಆ ಭಯವನ್ನು ಹೇಳಲು ಒಂದು ವಾಕ್ಯವೂ ಬೇಕಾಗಿಲ್ಲ. ನನಗೆ ಇನ್ನೂ ಇಷ್ಟವಾದದ್ದು ನ್ಯೂಯಾರ್ಕಿನ ಭಾಗ. ನಾಜಿಗಳ ಆಶ್‌ವಿಟ್ಜ್ ಶಿಬಿರದಿಂದ ಬದುಕಿ ಬಂದ ಅಪ್ಪ ಜಿಪುಣ, ಹಟಮಾರಿ. ಮಗನಿಗೆ ಅವನ ಜೊತೆ ಅರ್ಧ ದಿನ ಕಳೆಯುವುದೂ ಕಷ್ಟ. ಅಪ್ಪನನ್ನು ದೇವರಂತೆ ಕೂರಿಸದೆ ಇದ್ದಹಾಗೇ ಬರೆದಿದ್ದಾರೆ, ಅದಕ್ಕೇ ನಂಬಿಕೆ ಬರುತ್ತದೆ.

ಉತ್ತರ 2: ನಮ್ಮ ದೇಶದ್ದೇ 'ಭೀಮಾಯಣ' ಬಿಡಬೇಡಿ. 2011ರಲ್ಲಿ ಬಂದ ಅಂಬೇಡ್ಕರ್ ಜೀವನ. ಚಿತ್ರ ಬಿಡಿಸಿದವರು ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್, ಪರ್ಧಾನ್ ಗೊಂಡ ಬುಡಕಟ್ಟಿನ ಕಲಾವಿದರು. ಇದರಲ್ಲಿ ಕಾಮಿಕ್ಸಿನ ಚೌಕಗಳಿಲ್ಲ. ಮೆದು ಮಾತು ಬರೆದಿರುವ ಬಲೂನು ಹಕ್ಕಿಯ ಆಕಾರ, ಜಾತಿಯ ವಿಷ ಕಾರುವವರ ಬಲೂನಿಗೆ ಚೇಳಿನ ಕೊಂಡಿ. ಓದುವ ಮೊದಲೇ ಮಾತು ಎಂಥದ್ದು ಅಂತ ಗೊತ್ತಾಗುತ್ತದೆ, ಅಲ್ವಾ? ಕಥೆಯ ಓಟ ಸ್ವಲ್ಪ ನಿಧಾನ. ನಾನು ಓದಿದ್ದಕ್ಕಿಂತ ನೋಡಿದ್ದೇ ಜಾಸ್ತಿ.

ಉತ್ತರ 3: ಎಲ್ಲರೂ ಹೊಗಳುವ 'ವಾಚ್‌ಮೆನ್' ಈಗಲೇ ಬೇಡ. ಅದು ಸೂಪರ್‌ಹೀರೋ ಕಥೆಗಳನ್ನೇ ತಲೆಕೆಳಗು ಮಾಡುವ ಕೃತಿ. ಸೂಪರ್‌ಹೀರೋ ಕಾಮಿಕ್ಸ್ ಓದಿ ಬೆಳೆದವರಿಗೆ ಅದರ ಪೆಟ್ಟು ಸರಿಯಾಗಿ ತಾಗುತ್ತದೆ. ಮೊದಲ ಸಲ ಓದುವವರಿಗೆ ಸುಮ್ನೆ ಸುಸ್ತು.

ಜಪಾನಿನ ಕೇಜಿ ನಕಾಜಾವಾ ಅವರ 'ಬೇರ್‌ಫುಟ್ ಗೆನ್' ಮಾತ್ರ ಓದಲೇಬೇಕು. ಹಿರೋಶಿಮಾದಲ್ಲಿ ಅಣುಬಾಂಬ್ ಬಿದ್ದಾಗ ಅವರಿಗೆ 6 ವರ್ಷ. ಅಪ್ಪ, ಅಕ್ಕ, ತಮ್ಮ ತೀರಿಹೋದರು. ಆ ಅನುಭವದಿಂದಲೇ ಹುಟ್ಟಿದ ಕಥೆ ಇದು. ಚಿತ್ರಗಳು ಮಕ್ಕಳ ಕಾಮಿಕ್ಸಿನಂತೆ ದುಂಡುದುಂಡಗಿವೆ, ಹಾಗಂತ ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಮೊದಲ ಸಂಪುಟವನ್ನು ನೀವೇ ಓದಿ ನೋಡಿ. ರಾತ್ರಿ ಮಲಗುವ ಮುಂಚೆ ಮಾತ್ರ ಬೇಡ.