ಹಲವು ಫೈಲ್‌ಗಳ ಮಾರಾಟದ ಲೆಕ್ಕ, ಒಂದೇ ಡ್ಯಾಶ್‌ಬೋರ್ಡ್: ಪ್ರಶ್ನೋತ್ತರ

ಸಲಹೆಗಾರ್ತಿ: ಬೇರೆ ಬೇರೆ ಎಕ್ಸೆಲ್ ಫೈಲ್‌ಗಳನ್ನು ಒಂದುಗೂಡಿಸುವುದು, ಹೊಸ ಅಂಕಿಗಳು ಬಂದಾಗ ತಾನಾಗಿಯೇ ಬದಲಾಗುವ ಡ್ಯಾಶ್‌ಬೋರ್ಡ್ (ಮುಖ್ಯ ಅಂಕಿಗಳನ್ನು ಒಂದೆಡೆ ತೋರಿಸುವ ಪುಟ) ಕಟ್ಟುವುದು, ಈ ಬಗ್ಗೆ ಇಂದು ಸಂಜೆ ಈ ಗುಂಪಿನಲ್ಲಿ ಕೇಳಿ. ನಿಮ್ಮ ಫೈಲ್ ಎಲ್ಲಿಂದ ಬರುತ್ತದೆ ಎಂಬುದನ್ನು ಮರೆಯದೆ ಬರೆಯಿರಿ.

ಹುಬ್ಬಳ್ಳಿ, ಔಷಧ ವಿತರಕರು: ನಮಸ್ಕಾರ ಮೇಡಂ. ಆರು ಮಾರಾಟ ಪ್ರತಿನಿಧಿಗಳು ತಿಂಗಳಿಗೊಂದು ಎಕ್ಸೆಲ್ ಫೈಲ್ ಕಳುಹಿಸುತ್ತಾರೆ. ನಮ್ಮ ಗುಮಾಸ್ತರು ಎಲ್ಲವನ್ನೂ ನಕಲು ಮಾಡಿ ಒಂದು ಹಾಳೆಗೆ ಅಂಟಿಸುತ್ತಾರೆ. ಬೇರೆ ದಾರಿ ಇದೆಯೇ?

ಸಲಹೆಗಾರ್ತಿ: ಇದೆ. ಆರೂ ಫೈಲ್‌ಗಳನ್ನು ಒಂದು ಫೋಲ್ಡರ್‌ಗೆ ಹಾಕಿ. ‘ಡೇಟಾ’ ಪಟ್ಟಿಯ ‘ಗೆಟ್ ಡೇಟಾ’ದಲ್ಲಿ ‘ಫ್ರಮ್ ಫೋಲ್ಡರ್’ ಆರಿಸಿ. ಇದು ಪವರ್ ಕ್ವೆರಿ, ಫೈಲ್‌ಗಳಿಂದ ಅಂಕಿಗಳನ್ನು ತಂದು ಜೋಡಿಸುವ ಸಾಧನ. 2016ರ ಆವೃತ್ತಿಯಿಂದ ಎಕ್ಸೆಲ್‌ನೊಳಗೇ ಇದೆ. ಮುಂದಿನ ತಿಂಗಳ ಫೈಲ್‌ಗಳನ್ನು ಅದೇ ಫೋಲ್ಡರ್‌ಗೆ ಸೇರಿಸಿ ‘ರಿಫ್ರೆಶ್ ಆಲ್’ ಒತ್ತಿದರೆ ಸಾಕು. ಹಾಳೆಯ ಹೆಸರು ಮತ್ತು ಕಾಲಂ ಶೀರ್ಷಿಕೆಗಳು ಆರರಲ್ಲೂ ಅಕ್ಷರಕ್ಕಕ್ಷರ ಒಂದೇ ಇರಬೇಕು. ಕ್ವೆರಿ ಮಾದರಿಯಾಗಿ ತೆಗೆದುಕೊಳ್ಳುವ ಫೈಲ್‌ನಲ್ಲಿ ‘ಮೊತ್ತ’ ಎಂದಿದ್ದು ಒಬ್ಬರು ‘ಒಟ್ಟು ಮೊತ್ತ’ ಎಂದು ಬರೆದರೆ ಅವರ ಮಾರಾಟ ಖಾಲಿಯಾಗಿ ಬರುತ್ತದೆ. ಕೊನೆಯಲ್ಲಿರುವ ಒಟ್ಟು ಮೊತ್ತದ ಸಾಲನ್ನು ಕ್ವೆರಿಯಲ್ಲಿಯೇ ಸೋಸಿ ತೆಗೆಯಿರಿ, ಇಲ್ಲವಾದರೆ ಮಾರಾಟ ದುಪ್ಪಟ್ಟಾಗಿ ಕಾಣುತ್ತದೆ.

ಶಿರಸಿ, ಅಡಿಕೆ ವ್ಯಾಪಾರಿ: ಈ ಡ್ಯಾಶ್‌ಬೋರ್ಡನ್ನು ಮೊಬೈಲ್‌ನಲ್ಲಿ ನೋಡಬಹುದೇ?

ದಾವಣಗೆರೆ, ಹಾರ್ಡ್‌ವೇರ್ ವರ್ತಕರು: ಮೇಡಂ, ನಮ್ಮದು ಮೂರು ಅಂಗಡಿ. ಬಿಲ್ಲಿಂಗ್ ತಂತ್ರಾಂಶದಿಂದ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರೀ ಪಠ್ಯದ) ಫೈಲ್ ತೆಗೆದು, ಎಕ್ಸೆಲ್‌ನಲ್ಲಿ ತೆರೆದು, ಎಕ್ಸೆಲ್ ಫೈಲ್ ಆಗಿ ಉಳಿಸಿ ಕಳುಹಿಸುತ್ತಾರೆ. ಒಂದುಗೂಡಿಸಿದ ಮೇಲೆ ಏಪ್ರಿಲ್ ಮಾರಾಟ ತೀರಾ ಕಡಿಮೆ ಬಂದಿದೆ. ಈಗಿನ್ನೂ ಜುಲೈ, ಆದರೂ ಡಿಸೆಂಬರ್‌ನಲ್ಲಿ ಮಾರಾಟ ತೋರಿಸುತ್ತಿದೆ. ಕಳೆದ ವಾರ ಇದನ್ನೇ ನಂಬಿ ಪೈಪು, ಪೇಂಟಿಗೆ ಆರ್ಡರ್ ಕೊಟ್ಟೆವು.

ಸಲಹೆಗಾರ್ತಿ: ಈ ಅಂಕಿಗಳ ಮೇಲೆ ಇನ್ನೊಂದು ಆರ್ಡರ್ ದಯವಿಟ್ಟು ಕೊಡಬೇಡಿ. ನಿಮ್ಮ ತಂತ್ರಾಂಶ ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಬರೆಯುತ್ತದೆ. ಯಾವುದೋ ಒಂದು ಕಂಪ್ಯೂಟರ್ ಅದನ್ನು ಅಮೆರಿಕದ ರೂಢಿಯಂತೆ ತಿಂಗಳು, ದಿನ, ವರ್ಷ ಎಂದು ಓದುತ್ತಿದೆ. 12/04 ಎಂಬ ಏಪ್ರಿಲ್ 12 ಅಲ್ಲಿ ಡಿಸೆಂಬರ್ 4 ಆಗುತ್ತದೆ. 25/04 ಬಂದಾಗ 25ನೆಯ ತಿಂಗಳೇ ಇಲ್ಲವಲ್ಲ, ಎಕ್ಸೆಲ್ ಅದನ್ನು ದಿನಾಂಕವೆಂದು ಒಪ್ಪದೆ ಬರೀ ಪಠ್ಯವಾಗಿ ಬಿಟ್ಟುಬಿಡುತ್ತದೆ. ತಿಂಗಳವಾರು ಲೆಕ್ಕಕ್ಕೆ ಅದು ಸೇರುವುದಿಲ್ಲ. ಅಂದರೆ ಆ ಅಂಗಡಿಯ ಪ್ರತಿ ತಿಂಗಳ ಮೊದಲ 12 ದಿನಗಳ ಮಾರಾಟ ವರ್ಷದುದ್ದಕ್ಕೂ ಚದುರಿದೆ, 13ರಿಂದ ಆಚೆಯದು ಕಾಣೆಯಾಗಿದೆ. 04/04, 05/05ರಂಥವು ಮಾತ್ರ ಸರಿಯಾದ ಜಾಗದಲ್ಲಿವೆ. ಎಲ್ಲಿಯೂ ದೋಷದ ಸೂಚನೆ ಬರುವುದಿಲ್ಲ, ನನಗೆ ಭಯವಾಗುವುದು ಅದಕ್ಕೇ. ಡಿಸೆಂಬರ್ ಇನ್ನೂ ಬಾರದ ಕಾರಣ ನಿಮಗೆ ಅನುಮಾನ ಬಂತು. ಮಾರ್ಚ್‌ನಲ್ಲಿ ನೋಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮೊದಲು ಪರೀಕ್ಷಿಸಿ. ದಿನಾಂಕದ ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಅಂಟಿವೆಯೇ? ಎಡದವು ಪಠ್ಯ. ಬಿಲ್ ಸಂಖ್ಯೆಯಂತೆ ಜೋಡಿಸಿದಾಗ ದಿನಾಂಕ ಹಿಂದೆ ಮುಂದೆ ಜಿಗಿಯುತ್ತಿದೆಯೇ? ಮೂರೂ ಅಂಗಡಿಗಳಲ್ಲಿ ವಿಂಡೋಸ್‌ನ ‘ರೀಜನ್’ (ದೇಶದ ಆಯ್ಕೆ) ಏನಿದೆ? ನೋಡಿ ತಿಳಿಸಿ, ಕಾಯುತ್ತೇನೆ.

ತುಮಕೂರು, ಸದಸ್ಯರು: ಇಷ್ಟು ಕಷ್ಟ ಏಕೆ? ನಮ್ಮ ಇನ್ನೊಂದು ಗುಂಪಿನಲ್ಲಿ ಬಂದದ್ದು, ಫೈಲನ್ನೂ ಇಲ್ಲಿ ಹಾಕಿದ್ದೇನೆ: “ಈ ಮ್ಯಾಕ್ರೋ ಫೈಲ್ ತೆರೆಯಿರಿ, ‘ಅನ್‌ಬ್ಲಾಕ್’ ಗುರುತು ಹಾಕಿ, ‘ಎನೇಬಲ್ ಕಂಟೆಂಟ್’ ಒತ್ತಿ. ಎಲ್ಲ ಫೈಲ್‌ಗಳೂ ಕ್ಷಣದಲ್ಲಿ ಒಂದಾಗುತ್ತವೆ. ಹತ್ತು ಜನರಿಗೆ ಕಳುಹಿಸಿ.”

ಸಲಹೆಗಾರ್ತಿ: ಯಾರೂ ತೆರೆಯಬೇಡಿ. ಮ್ಯಾಕ್ರೋ ಎಂದರೆ ಫೈಲ್‌ನೊಳಗಿರುವ ಪುಟ್ಟ ಪ್ರೋಗ್ರಾಂ. ಅಂತರ್ಜಾಲದಿಂದ ಬಂದ ಫೈಲ್‌ಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತಿದೆ. ಆ ಬೀಗವನ್ನು ನಿಮ್ಮ ಕೈಯಿಂದಲೇ ತೆಗೆಸುವ ಸಂದೇಶ ಇದು. ಯಾರು ಬರೆದರೋ ತಿಳಿಯದ ಮ್ಯಾಕ್ರೋ ನಿಮ್ಮ ಗ್ರಾಹಕರ ಫೋನ್ ಸಂಖ್ಯೆ, ಖರೀದಿ ದರ ಇರುವ ಕಂಪ್ಯೂಟರಿನಲ್ಲಿ ಓಡುತ್ತದೆ. ಫೈಲನ್ನು ಗುಂಪಿನಿಂದ ಅಳಿಸಿ.

ಮೈಸೂರು, ಸೀರೆ ಅಂಗಡಿ: ಮೇಡಂ, ಹಲವು ಫೈಲ್‌ಗಳನ್ನು ಒಂದು ಮಾಡುವುದು ಹೇಗೆ?

ಸಲಹೆಗಾರ್ತಿ: ಹುಬ್ಬಳ್ಳಿಯವರಿಗೆ ಬರೆದಿದ್ದೇನೆ, ಓದಿ.

ಬೆಂಗಳೂರು, ತಂತ್ರಾಂಶ ಉದ್ಯೋಗಿ: ಎಕ್ಸೆಲ್ ಹಿಡಿದುಕೊಂಡಿರುವುದೇ ತಪ್ಪು. ಗೂಗಲ್ ಶೀಟ್ಸ್‌ನಲ್ಲಿ ಬೇರೆ ಫೈಲ್‌ನ ಅಂಕಿಗಳನ್ನು ತರುವ ‘ಇಂಪೋರ್ಟ್‌ರೇಂಜ್’ ಬಳಸಿ, ಗೂಗಲ್‌ನ ಡ್ಯಾಶ್‌ಬೋರ್ಡ್ ಸಾಧನವಾದ ಲುಕರ್ ಸ್ಟುಡಿಯೊಗೆ ಜೋಡಿಸಿ. ಉಚಿತ. 2020ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16,000 ಕೋವಿಡ್ ಪ್ರಕರಣಗಳು ವರದಿಯಿಂದ ಬಿಟ್ಟುಹೋದದ್ದು ಎಕ್ಸೆಲ್‌ನಿಂದಲೇ.

ಮಂಗಳೂರು, ಲೆಕ್ಕಪರಿಶೋಧಕರು: ಗೂಗಲ್ ಶೀಟ್ಸ್‌ಗೂ ಒಂದು ಕೋಟಿ ಕೋಶಗಳ ಮಿತಿ ಇದೆ. ಮಳೆಗಾಲದಲ್ಲಿ ನಮ್ಮ ಕಡೆ ಅಂತರ್ಜಾಲ ಹೋದರೆ ಅಂಗಡಿಯವರು ಏನು ಮಾಡಬೇಕು?

ಬೆಂಗಳೂರು, ತಂತ್ರಾಂಶ ಉದ್ಯೋಗಿ: ಅಂಗಡಿಗೆ ಕೋಟಿ ಕೋಶ ಸಾಲದೇ? ಲೆಕ್ಕಪರಿಶೋಧಕರು ಹೊಸದನ್ನು ಕಲಿಯುವುದಿಲ್ಲ, ಅಷ್ಟೇ.

ಮಂಗಳೂರು, ಲೆಕ್ಕಪರಿಶೋಧಕರು: ತೆರಿಗೆ ನೋಟಿಸ್ ಬಂದಾಗ ಉತ್ತರ ಬರೆಯುವವರು ನಾವು, ನೀವಲ್ಲ.

ಸಲಹೆಗಾರ್ತಿ: ಇಂಗ್ಲೆಂಡಿನ ವಿಷಯ ತಿರುಚಬೇಡಿ. ಅಲ್ಲಿ ಹಳೆಯ ಎಕ್ಸ್‌ಎಲ್‌ಎಸ್ ಮಾದರಿ ಬಳಸಿದ್ದರು. ಅದರ ಹಾಳೆಗೆ 65,536 ಸಾಲುಗಳಷ್ಟೇ ಮಿತಿ, ಈಗಿನದಕ್ಕೆ 10,48,576. ಶೀಟ್ಸ್‌ನಲ್ಲಿಯೂ ದೇಶದ ಆಯ್ಕೆ ತಪ್ಪಾಗಿದ್ದರೆ ದಾವಣಗೆರೆಯವರ ದಿನಾಂಕಗಳು ಹೀಗೆಯೇ ಕೆಡುತ್ತವೆ. ಈ ಜಗಳ ಇಲ್ಲಿ ಬೇಡ.

ಬೆಂಗಳೂರು, ತಂತ್ರಾಂಶ ಉದ್ಯೋಗಿ: ಜಗಳ ನಾನು ತೆಗೆದಿಲ್ಲ.

ಮಂಗಳೂರು, ಲೆಕ್ಕಪರಿಶೋಧಕರು: ಮೇಲೆ ಓದಿ ನೋಡಿ, ಯಾರು ತೆಗೆದದ್ದು ಎಂದು.

ಕಲಬುರಗಿ, ಬೀಜ ಗೊಬ್ಬರ ಮಾರಾಟಗಾರರು: ‘ರಿಫ್ರೆಶ್ ಆಲ್’ ಎರಡು ಸಲ ಒತ್ತಿದರೆ ಮಾತ್ರ ಪಿವಟ್ (ಸಾರಾಂಶ ಕೋಷ್ಟಕ) ಬದಲಾಗುತ್ತದೆ, ಏಕೆ?

ಸಲಹೆಗಾರ್ತಿ: ಕ್ವೆರಿ ಮುಗಿಯುವ ಮೊದಲೇ ಪಿವಟ್ ಹಳೆಯ ಅಂಕಿಗಳನ್ನು ಓದಿಬಿಡುತ್ತದೆ. ಕ್ವೆರಿಯ ‘ಪ್ರಾಪರ್ಟೀಸ್’ನಲ್ಲಿ ‘ಬ್ಯಾಕ್‌ಗ್ರೌಂಡ್ ರಿಫ್ರೆಶ್’ ತೆಗೆಯಿರಿ. ಫೈಲ್ ತೆರೆದಾಗಲೇ ರಿಫ್ರೆಶ್ ಆಗುವ ಆಯ್ಕೆಯೂ ಅಲ್ಲೇ ಇದೆ.

ತುಮಕೂರು, ಸದಸ್ಯರು: ನನ್ನ ಮ್ಯಾಕ್ರೋ ನಮ್ಮ ಅಣ್ಣನ ಅಂಗಡಿಯಲ್ಲಿ ಚೆನ್ನಾಗಿ ಓಡಿದೆ. ಸುಮ್ಮನೆ ಹೆದರಿಸುತ್ತೀರಿ.

ಸಲಹೆಗಾರ್ತಿ: ಫೈಲ್ ಇನ್ನೂ ಗುಂಪಿನಲ್ಲಿದೆ. ಅಳಿಸಿ.

ಮೈಸೂರು, ಸೀರೆ ಅಂಗಡಿ: ಓದಿದೆ ಮೇಡಂ. ಆದರೆ ಫೈಲ್‌ಗಳನ್ನು ಒಂದು ಮಾಡುವುದು ಹೇಗೆ?

ಸಲಹೆಗಾರ್ತಿ: ಫೋಲ್ಡರ್.

ದಾವಣಗೆರೆ, ಹಾರ್ಡ್‌ವೇರ್ ವರ್ತಕರು: ಮೇಡಂ, ನೋಡಿದೆವು. ಎರಡು ಅಂಗಡಿಗಳಲ್ಲಿ ಇಂಡಿಯಾ ಇದೆ, ಮೂರನೆಯದರ ಹೊಸ ಕಂಪ್ಯೂಟರಿನಲ್ಲಿ ಯುನೈಟೆಡ್ ಸ್ಟೇಟ್ಸ್ ಇದೆ. ಬಿಲ್ ಸಂಖ್ಯೆಯಂತೆ ಜೋಡಿಸಿದರೆ ದಿನಾಂಕ ಜಿಗಿಯುತ್ತಿದೆ. ತಪ್ಪಾದ ಸಾಲುಗಳನ್ನು ಕೈಯಿಂದ ತಿದ್ದಲೇ?

ಸಲಹೆಗಾರ್ತಿ: ಬೇಡ, ಒಂದು ಸಾಲನ್ನೂ ಮುಟ್ಟಬೇಡಿ. ಆ ಅಂಗಡಿಯ ‘ರೀಜನ್’ ಅನ್ನು ಇಂಡಿಯಾಕ್ಕೆ ಬದಲಿಸಿ. ಅದರಿಂದ ಹಳೆಯ ಫೈಲ್‌ಗಳು ಸರಿಯಾಗುವುದಿಲ್ಲ, ಆದ್ದರಿಂದ ಏಪ್ರಿಲ್ 1ರಿಂದ ಮೂರೂ ಅಂಗಡಿಗಳ ಸಿಎಸ್‌ವಿಯನ್ನು ಹೊಸದಾಗಿ ತೆಗೆದು, ತೆರೆಯದೆಯೇ ಹೊಸ ಫೋಲ್ಡರ್‌ಗೆ ಹಾಕಿ. ಪವರ್ ಕ್ವೆರಿ ತಾನೇ ಸೇರಿಸುವ ‘ಚೇಂಜ್ಡ್ ಟೈಪ್’ ಹಂತವನ್ನು ಅಳಿಸಿ. ಅದು ಆಯಾ ಕಂಪ್ಯೂಟರಿನ ರೂಢಿಯಂತೆ ದಿನಾಂಕ ಓದುತ್ತದೆ. ಬಳಿಕ ದಿನಾಂಕದ ಕಾಲಂ ಮೇಲೆ ‘ಚೇಂಜ್ ಟೈಪ್’, ‘ಯೂಸಿಂಗ್ ಲೋಕೇಲ್’, ‘ಇಂಗ್ಲಿಷ್ ಇಂಡಿಯಾ’ ಆರಿಸಿ. ಮುಗಿದ ಮೇಲೆ ಪ್ರತಿ ಅಂಗಡಿಯ ತಿಂಗಳ ಮೊತ್ತವನ್ನು ಬಿಲ್ಲಿಂಗ್ ತಂತ್ರಾಂಶದ ಮೊತ್ತದೊಂದಿಗೆ ತಾಳೆ ನೋಡಿ. ಮೂರೂ ಹೊಂದುವವರೆಗೆ ಡ್ಯಾಶ್‌ಬೋರ್ಡ್ ಯಾರಿಗೂ ತೋರಿಸಬೇಡಿ.

ದಾವಣಗೆರೆ, ಹಾರ್ಡ್‌ವೇರ್ ವರ್ತಕರು: ಪೈಪಿನ ಆರ್ಡರ್ ಇನ್ನೂ ಲೋಡ್ ಆಗಿಲ್ಲವಂತೆ ಮೇಡಂ. ಈಗಲೇ ಫೋನ್ ಮಾಡಿ ತಡೆಯುತ್ತೇನೆ.