ಗಡಿಯಾಚೆಯ ಪರಿಸರ ದಾವೆಗಳ ಅಧ್ಯಯನ: ಕೊಡಗಿನಲ್ಲಿ ಕುಳಿತವರು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ಒಂದು ದೇಶದಲ್ಲಿ ಆದ ಪರಿಸರ ಹಾನಿಗೆ ಮತ್ತೊಂದು ದೇಶದ ನ್ಯಾಯಾಲಯದಲ್ಲಿ ಪರಿಹಾರ ಕೇಳುವ ದಾವೆಗಳನ್ನು ಕುರಿತು ಪಿಎಚ್‌ಡಿ ಅಧ್ಯಯನ ಕೈಗೊಂಡಿದ್ದೇನೆ. ಓದುವುದಕ್ಕೆ ಸಾಮಗ್ರಿಯ ಕೊರತೆಯಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಸಾಬಿನ್ ಕೇಂದ್ರವು ಹವಾಮಾನ ಸಂಬಂಧಿ ದಾವೆಗಳ ದತ್ತಸಂಚಯವನ್ನು ಎಲ್ಲರಿಗೂ ತೆರೆದಿಟ್ಟಿದೆ; ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಗ್ರಾಂಥಮ್ ಸಂಶೋಧನಾ ಸಂಸ್ಥೆ ವರ್ಷಕ್ಕೊಮ್ಮೆ ಇಂಥ ದಾವೆಗಳ ವರದಿ ಹೊರತರುತ್ತದೆ. ಆದರೆ ಪಟ್ಟಿಯಲ್ಲಿ ‘ವಜಾ’ ಎಂದೋ ‘ಬಾಕಿ’ ಎಂದೋ ನಮೂದಾದ ಪ್ರಕರಣದಿಂದ ದಾವೆ ಹೂಡಿದ ಊರಿನವರಿಗೆ ಏನಾಯಿತು ಎಂಬುದನ್ನು ಬೇರೆ ಕಡೆಯೇ ಹುಡುಕಬೇಕಾಗುತ್ತದೆ.

ನನ್ನನ್ನು ಈ ವಿಷಯಕ್ಕೆ ಎಳೆದದ್ದು ಪೆರು ದೇಶದ ರೈತ ಸೌಲ್ ಲುಸಿಯಾನೊ ಲಿಯುಯಾ ಅವರು ಜರ್ಮನಿಯ ವಿದ್ಯುತ್ ಕಂಪನಿ ಆರ್‌ಡಬ್ಲ್ಯುಇ ವಿರುದ್ಧ 2015ರಲ್ಲಿ ಹೂಡಿದ ದಾವೆ. ಹಿಮನದಿ ಕರಗಿ ತುಂಬಿಕೊಂಡಿರುವ ಪಾಲ್ಕಕೋಚಾ ಸರೋವರ ಉಕ್ಕಿದರೆ ಕೆಳಗಿನ ವಾರಾಸ್ ಪಟ್ಟಣದಲ್ಲಿರುವ ತಮ್ಮ ಮನೆಗೆ ಅಪಾಯವಿದೆ. ಕೈಗಾರಿಕಾ ಯುಗದಿಂದೀಚೆಗೆ ಜಗತ್ತು ಹೊರಸೂಸಿದ ಅನಿಲಗಳಲ್ಲಿ ಕಂಪನಿಯ ಪಾಲು ಶೇ. 0.47ರಷ್ಟಿರುವುದರಿಂದ ರಕ್ಷಣಾ ಕಾಮಗಾರಿಯಲ್ಲಿಯೂ ಅಷ್ಟೇ ಪಾಲನ್ನು, ಅಂದರೆ ಸುಮಾರು 17,000 ಯೂರೊಗಳನ್ನು, ಅದು ಕೊಡಬೇಕು ಎಂಬುದು ಅವರ ಬೇಡಿಕೆ. ಹಾಮ್ ನಗರದ ಮೇಲ್ಮನವಿ ನ್ಯಾಯಾಲಯ 2025ರ ಮೇ 28ರಂದು ಅದನ್ನು ತಳ್ಳಿಹಾಕಿತು.

ಇದನ್ನು ಓದುವಾಗ ಕೊಡಗಿನವರಿಗೆ ಮಕ್ಕಂದೂರು, ಕಾಲೂರು, ಜೋಡುಪಾಲ ನೆನಪಾಗದೆ ಇರಲಾರದು. 2018ರ ಆಗಸ್ಟ್‌ನ ಭೂಕುಸಿತವನ್ನು ನನ್ನ ಪ್ರಬಂಧದ ಒಂದು ಅಧ್ಯಾಯವಾಗಿಸಬಹುದೇ? ಪ್ರತಿವಾದಿ ಯಾರೆಂದೇ ಹೇಳಲಾಗದ ಕಡೆ ಅಧ್ಯಾಯಕ್ಕೆ ಏನು ಆಧಾರ ಎಂದು ನನ್ನ ಮಾರ್ಗದರ್ಶಕರು ಕೇಳುತ್ತಿದ್ದಾರೆ. ಜೊತೆಗೆ, ಅಂತಿಮ ತೀರ್ಪು ಬಂದಿರುವ ಪ್ರಕರಣಗಳನ್ನು ಮಾತ್ರ ಆಯ್ದುಕೊಳ್ಳುವುದು ಸರಿಯೇ ಎಂಬುದನ್ನೂ ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ 1: ವಕೀಲರು, ವಿರಾಜಪೇಟೆ

ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅಂತಿಮ ತೀರ್ಪುಗಳಿಗಷ್ಟೇ ಅಂಟಿಕೊಂಡರೆ ನಿಮಗೆ ಸಿಗುವ ಪ್ರಕರಣಗಳು ಬೆರಳೆಣಿಕೆಯಷ್ಟು. ಇಂಥ ದಾವೆಗಳ ಆಯುಷ್ಯದ ಬಹುಭಾಗ ಕಳೆಯುವುದು ಹಾನಿ ಮಾಡಿದವರು ಯಾರು ಎಂಬ ವಿಚಾರಣೆಯಲ್ಲಲ್ಲ, ಯಾವ ನ್ಯಾಯಾಲಯ ಇದನ್ನು ಕೇಳಬೇಕು ಎಂಬ ಜಗಳದಲ್ಲಿ. ಆದ್ದರಿಂದ ನ್ಯಾಯವ್ಯಾಪ್ತಿಯ ಆದೇಶಗಳನ್ನೇ ನಿಮ್ಮ ಮುಖ್ಯ ಆಕರವಾಗಿ ಇಟ್ಟುಕೊಳ್ಳಿ.

1984ರ ಭೋಪಾಲ ಅನಿಲ ದುರಂತದಿಂದಲೇ ಆರಂಭಿಸಬಹುದು. 1985ರಲ್ಲಿ ಸಂಸತ್ತು ಕಾಯ್ದೆ ಮಾಡಿ ಸಂತ್ರಸ್ತರೆಲ್ಲರ ಪರವಾಗಿ ದಾವೆ ನಡೆಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು, ಸರ್ಕಾರ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದ ಬಾಗಿಲು ತಟ್ಟಿತು. ಅಲ್ಲಿ ನಡೆದ ವಾದ ಇಂದಿಗೂ ವಿಚಿತ್ರವಾಗಿ ಕಾಣುತ್ತದೆ. ನಮ್ಮ ದೇಶದ ನ್ಯಾಯಾಲಯಗಳಿಗೆ ಇಷ್ಟು ದೊಡ್ಡ ದಾವೆಯನ್ನು ನಿಭಾಯಿಸುವ ಶಕ್ತಿಯಿಲ್ಲವೆಂದು ಭಾರತ ಸರ್ಕಾರವೇ ಹೇಳಿತು. ಭಾರತದ ನ್ಯಾಯಾಂಗ ಸರ್ವಸಮರ್ಥವೆಂದು ಹೊಗಳಿದ್ದು ದಾವೆಯ ಪ್ರತಿವಾದಿಯಾದ ಅಮೆರಿಕದ ಕಂಪನಿ ಯೂನಿಯನ್ ಕಾರ್ಬೈಡ್, ಅದರ ಪರವಾಗಿ ಪ್ರಮಾಣಪತ್ರ (ಅಫಿಡವಿಟ್) ಕೊಟ್ಟವರಲ್ಲಿ ಭಾರತದ ಹೆಸರಾಂತ ವಕೀಲ ನಾನಿ ಪಾಲ್ಖಿವಾಲಾ ಒಬ್ಬರು. 1986ರ ಮೇ ತಿಂಗಳಲ್ಲಿ ನ್ಯಾಯಾಧೀಶ ಜಾನ್ ಕೀನನ್ ಕಂಪನಿಯ ಮಾತನ್ನು ಒಪ್ಪಿ ದಾವೆಯನ್ನು ಭಾರತಕ್ಕೆ ಕಳುಹಿಸಿದರು. 1989ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ 47 ಕೋಟಿ ಡಾಲರ್‌ಗೆ ರಾಜಿಯಾಯಿತು. ಹೊಣೆ ಯಾರದು ಎಂಬ ಸಿವಿಲ್ ವಿಚಾರಣೆ ಎರಡೂ ದೇಶಗಳಲ್ಲಿ ಪೂರ್ಣಗೊಳ್ಳಲಿಲ್ಲ.

ಇದರ ಪಕ್ಕದಲ್ಲಿಟ್ಟು ಓದಬೇಕಾದದ್ದು ಬ್ರಿಟನ್ನಿನಲ್ಲಿ ನೋಂದಾಯಿತವಾದ ಗಣಿ ಕಂಪನಿ ವೇದಾಂತದ ಪ್ರಕರಣ. ಜಾಂಬಿಯಾದ ಚಿಂಗೋಲಾ ಬಳಿಯ 1,826 ಗ್ರಾಮಸ್ಥರು ತಾಮ್ರದ ಗಣಿಯ ತ್ಯಾಜ್ಯ ತಮ್ಮ ನದಿಗಳನ್ನು ಕೆಡಿಸಿತೆಂದು ಲಂಡನ್ನಿನಲ್ಲಿ ದಾವೆ ಹೂಡಿದಾಗ, 2019ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಒಂದು ಸೂಕ್ಷ್ಮ ದಾರಿ ಹಿಡಿಯಿತು. ವಿಚಾರಣೆಗೆ ಸಹಜವಾದ ಸ್ಥಳ ಜಾಂಬಿಯಾವೇ ಎಂದು ಒಪ್ಪಿಕೊಂಡೂ, ಅಷ್ಟು ಬಡವರಾದ ವಾದಿಗಳಿಗೆ ಅಲ್ಲಿ ಹಣದ ನೆರವಾಗಲಿ, ಇಂಥ ದಾವೆ ನಡೆಸಬಲ್ಲ ಅನುಭವಿ ವಕೀಲರಾಗಲಿ ಸಿಗುವುದಿಲ್ಲವಾದ್ದರಿಂದ ಲಂಡನ್ನಿನಲ್ಲಿಯೇ ನಡೆಯಲಿ ಎಂದಿತು. ನ್ಯೂಯಾರ್ಕಿನಲ್ಲಿ ಭಾರತ ಸೋತ ಅದೇ ಬಗೆಯ ವಾದ ಮೂವತ್ತಮೂರು ವರ್ಷಗಳ ನಂತರ ಲಂಡನ್ನಿನಲ್ಲಿ ಗೆದ್ದಿತು ಎಂದು ನಾನು ಓದುತ್ತೇನೆ. ಅದೂ 2021ರಲ್ಲಿ, ಹೊಣೆ ಒಪ್ಪಿಕೊಳ್ಳದೆ, ರಾಜಿಯಲ್ಲಿ ಮುಗಿಯಿತು.

ಮೂರನೆಯದಾಗಿ ಮುಂದ್ರಾ. ಗುಜರಾತಿನ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ 45 ಕೋಟಿ ಡಾಲರ್ ಸಾಲ ಕೊಟ್ಟ, ವಿಶ್ವಬ್ಯಾಂಕ್ ಸಮೂಹದ ಅಂತಾರಾಷ್ಟ್ರೀಯ ಹಣಕಾಸು ನಿಗಮದ ಮೇಲೆ ಅಲ್ಲಿನ ಮೀನುಗಾರರು ವಾಷಿಂಗ್ಟನ್‌ನಲ್ಲಿ ದಾವೆ ಹಾಕಿದರು. ನಿಗಮಕ್ಕೆ ದಾವೆಗಳಿಂದ ಸಂಪೂರ್ಣ ರಕ್ಷಣೆ ಇಲ್ಲವೆಂದು 2019ರ ಫೆಬ್ರುವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಪತ್ರಿಕೆಗಳೆಲ್ಲ ಬರೆದವು. ದಾವೆಯ ತಿರುಳಾದ ಕೃತ್ಯ ನಡೆದದ್ದು ಭಾರತದಲ್ಲಿ, ಅಮೆರಿಕದಲ್ಲಲ್ಲ ಎಂಬ ಕಾರಣಕ್ಕೆ ಕೆಳಗಿನ ನ್ಯಾಯಾಲಯ ಮರುವರ್ಷವೇ ಅದನ್ನು ವಜಾ ಮಾಡಿದ್ದು ಅಷ್ಟಾಗಿ ಸುದ್ದಿಯಾಗಲಿಲ್ಲ.

ಅಮಲ್ಜಾರಿಯ, ಅಂದರೆ ಗೆದ್ದ ಡಿಕ್ರಿಯನ್ನು (ತೀರ್ಪಿನ ಆದೇಶವನ್ನು) ಜಾರಿಗೆ ತರುವ, ಮಾತನ್ನೂ ಮರೆಯಬೇಡಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನ ಪ್ರಕಾರ ಬ್ರಿಟನ್ನಿನ ಮೇಲಿನ ನ್ಯಾಯಾಲಯಗಳ ಡಿಕ್ರಿಯನ್ನು ನಮ್ಮ ಜಿಲ್ಲಾ ನ್ಯಾಯಾಲಯದಲ್ಲಿ ನೇರವಾಗಿ ಜಾರಿಗೆ ತರಬಹುದು. ಅಮೆರಿಕ, ಜರ್ಮನಿಗಳ ಡಿಕ್ರಿ ಹಿಡಿದು ಬಂದವರು ಇಲ್ಲಿ ಹೊಸದಾಗಿ ದಾವೆ ಹೂಡಬೇಕು. ಈಕ್ವೆಡಾರಿನಲ್ಲಿ ಅಮೆರಿಕದ ತೈಲ ಕಂಪನಿ ಶೆವ್ರಾನ್ ವಿರುದ್ಧ 2011ರಲ್ಲಿ ತೀರ್ಪು ಪಡೆದವರು ವಸೂಲಿಗಾಗಿ ದೇಶದಿಂದ ದೇಶಕ್ಕೆ ಅಲೆಯಬೇಕಾಯಿತು; ಆ ತೀರ್ಪು ಮೋಸದಿಂದ ಪಡೆದದ್ದೆಂದು 2014ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ನಿರ್ಣಯಿಸಿತು.

ಉತ್ತರ 2: ಕಾಫಿ ಬೆಳೆಗಾರರು, ಸುಂಟಿಕೊಪ್ಪ

ವಕೀಲರು ನ್ಯಾಯಾಲಯದ ಒಳಗಿನದನ್ನು ಹೇಳಿದ್ದಾರೆ. ತೋಟದ ಕಡೆಯಿಂದ ಎರಡು ವಿಷಯಗಳನ್ನು ಸೇರಿಸುತ್ತೇನೆ.

ಕೊಡಗಿಗೆ ಪೆರುವಿಗಿಂತ ಯವತ್‌ಮಾಳ್ ಹತ್ತಿರ. ಮಹಾರಾಷ್ಟ್ರದ ಆ ಜಿಲ್ಲೆಯಲ್ಲಿ 2017ರಲ್ಲಿ ಹತ್ತಿಗೆ ಕೀಟನಾಶಕ ಸಿಂಪಡಿಸಿದ ನೂರಾರು ಮಂದಿ ಅಸ್ವಸ್ಥರಾದರು, ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಬದುಕುಳಿದ ರೈತರೊಬ್ಬರು ಮತ್ತು ಗಂಡಂದಿರನ್ನು ಕಳೆದುಕೊಂಡ ಇಬ್ಬರು ಮಹಿಳೆಯರು ಕೀಟನಾಶಕ ತಯಾರಿಸುವ ಸಿಂಜೆಂಟಾ ಕಂಪನಿಯ ವಿರುದ್ಧ ಅದರ ಕೇಂದ್ರ ಕಚೇರಿಯಿರುವ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕಾನೂನಿನ ಮೊರೆ ಹೋದರು. ತನ್ನ ಉತ್ಪನ್ನ ಕಾರಣವಲ್ಲವೆಂದು ಕಂಪನಿ ಹೇಳುತ್ತ ಬಂದಿದೆ. ಸ್ವಿಸ್ ಉತ್ಪನ್ನ ಹೊಣೆಗಾರಿಕೆ ಕಾನೂನಿನಲ್ಲಿ ಕಾಲಮಿತಿ ಮೂರೇ ವರ್ಷ. ಅಷ್ಟರೊಳಗೆ ಯಾರು ಯಾವ ದಿನ ಯಾವ ಔಷಧಿ ಹೊಡೆದರು ಎಂಬುದನ್ನು ತೋರಿಸಬೇಕು. ನಮ್ಮಲ್ಲಿ ಕಾಫಿಯ ಕಾಯಿಕೊರಕ ಕೀಟಕ್ಕೆ ಔಷಧಿ ಹೊಡೆಯುವ ಕೆಲಸ ಹೇಗೆ ನಡೆಯುತ್ತದೆ ನೋಡಿ. ಡಬ್ಬಿ ಬರುವುದು ತೋಟದ ಸ್ಟೋರಿಗೆ, ಬಿಲ್ಲು ಮಾಲೀಕರ ಹೆಸರಿಗೆ, ಅಳತೆ ಹಾಕಿ ಡ್ರಮ್ಮಿನಲ್ಲಿ ಕಲಸುವವರು ತೋಟದ ಕೆಲಸ ನೋಡಿಕೊಳ್ಳುವ ರೈಟರು. ಸಿಂಪಡಿಸುವ ಗನ್ ಹಿಡಿಯುವವರು ತೋಟದ ಲೈನ್‌ಮನೆಯಲ್ಲಿರುವ, ಮುಂದಿನ ತಿಂಗಳು ಬೇರೆ ತೋಟಕ್ಕೆ ಹೋಗಬಹುದಾದ ಕಾರ್ಮಿಕರು. ಬ್ಯಾಚ್ ನಂಬರು ಇರುವ ಖಾಲಿ ಡಬ್ಬಿ ಸಂಜೆಯೊಳಗೆ ಗುಜರಿಗೆ ಸೇರಿರುತ್ತದೆ. ಸಂಶೋಧಕರು ತೀರ್ಪುಗಳನ್ನು ಎಷ್ಟೇ ಓದಿದರೂ ಈ ಕಾಗದಗಳು ಯಾರ ಕೈಯಲ್ಲಿ ಉಳಿಯುತ್ತವೆ ಎಂದು ನೋಡದಿದ್ದರೆ, ದಾವೆ ಹುಟ್ಟದೇ ಹೋಗುವುದು ಏಕೆಂದು ತಿಳಿಯುವುದಿಲ್ಲ.

ಇನ್ನೊಂದು. ನಾವು ದೂರು ಕೊಡುವವರಾಗಿಯೇ ನಮ್ಮನ್ನು ಕಲ್ಪಿಸಿಕೊಳ್ಳುತ್ತಿದ್ದೇವೆ; ದೂರು ನಮ್ಮ ಮೇಲೂ ಬರಬಹುದು. ಐರೋಪ್ಯ ಒಕ್ಕೂಟದ 2023ರ ಅರಣ್ಯನಾಶ ನಿಯಮದ ಪ್ರಕಾರ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿ ಮಾರಾಟವಾಗುವಂತಿಲ್ಲ. ಜಾರಿಯ ದಿನ ಮುಂದಕ್ಕೆ ಹೋಗುತ್ತಲೇ ಇದ್ದರೂ, ನಾಲ್ಕು ಹೆಕ್ಟೇರಿಗಿಂತ ದೊಡ್ಡ ತೋಟಕ್ಕೆ ಗಡಿಗೆರೆಯ ಪೂರ್ಣ ನಕ್ಷೆಯನ್ನೇ ಕೇಳುವ ಷರತ್ತು ಹೋಗಿಲ್ಲ. ಅಲ್ಲಿನ ಅಧಿಕಾರಿಗಳಿಗೆ ಆಧಾರಸಹಿತ ದೂರು ಕೊಡಲು ಯಾರಿಗೂ ಅವಕಾಶವಿದೆ, ಅವರ ನಿರ್ಧಾರವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲೂಬಹುದು. ಪ್ರತಿವಾದಿ ಅಲ್ಲಿನ ಆಮದುದಾರ ಅಥವಾ ಇಲಾಖೆಯಾದರೂ ವಿಷಯ ನಮ್ಮ ತೋಟ. ಮರದ ನೆರಳಿನ ಕಾಫಿಯನ್ನು ಉಪಗ್ರಹದ ಚಿತ್ರದಲ್ಲಿ ಕಾಡೆಂದೇ ಎಣಿಸಿದರೆ ಏನು ಗತಿ ಎಂಬುದು ಇಲ್ಲಿಯ ಬೆಳೆಗಾರರ ಹಳೆಯ ಆತಂಕ. ಮೇಡಂ, ಇದು ನಿಮ್ಮ ವಿಷಯಕ್ಕೆ ಹೊರಗಿನದೆಂದು ಬಿಡಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಯವತ್‌ಮಾಳ್ ಪ್ರಕರಣವನ್ನು ಖಂಡಿತ ಸೇರಿಸಿಕೊಳ್ಳುತ್ತೇನೆ. ಆದರೆ ಭೂಕುಸಿತದ ಪ್ರಶ್ನೆ ಹಾಗೆಯೇ ಉಳಿಯಿತು. ಹಾಮ್ ನ್ಯಾಯಾಲಯ ದಾವೆಯನ್ನು ತಳ್ಳಿಹಾಕಿದರೂ, ದೊಡ್ಡ ಪ್ರಮಾಣದಲ್ಲಿ ಅನಿಲ ಹೊರಸೂಸುವವರು ದೂರದ ದೇಶದವರಿಗೂ ತಾತ್ವಿಕವಾಗಿ ಹೊಣೆಯಾಗಬಲ್ಲರು ಎಂದು ಹೇಳಿದೆಯಲ್ಲವೇ?

ಉತ್ತರ 3: ಪೊನ್ನಂಪೇಟೆ ಮೂಲದ ಕಾನೂನು ಅಧ್ಯಾಪಕರು

ಹೇಳಿದೆ, ದೂರ ಒಂದು ತಡೆಯಲ್ಲ ಎಂದೂ ಹೇಳಿದೆ. ವಾದಿ ಸೋತದ್ದು ತತ್ತ್ವದಲ್ಲಲ್ಲ, ಅಳತೆಯಲ್ಲಿ. 2022ರಲ್ಲಿ ನ್ಯಾಯಾಧೀಶರೂ ತಜ್ಞರೂ ವಾರಾಸ್‌ಗೇ ಹೋಗಿ ಸರೋವರವನ್ನೂ ಮನೆಯನ್ನೂ ನೋಡಿ ಬಂದರು. ಮುಂದಿನ ಮೂವತ್ತು ವರ್ಷಗಳಲ್ಲಿ ಪ್ರವಾಹ ಆ ಮನೆಯನ್ನು ಮುಟ್ಟುವ ಸಾಧ್ಯತೆ ಶೇ. 1ರಷ್ಟು ಮಾತ್ರ ಎಂಬುದು ತಜ್ಞರ ಲೆಕ್ಕ, ಅಷ್ಟು ಸಾಲದು ಎಂಬುದು ತೀರ್ಪು. ಗಮನಿಸಿ, ಅವರು ಕೇಳಿದ್ದು ಮುಂದೆ ಬರಬಹುದಾದ ಅಪಾಯವನ್ನು ತಡೆಯುವ ವೆಚ್ಚವನ್ನು. ಜರ್ಮನ್ ಸಿವಿಲ್ ಸಂಹಿತೆಯ 1004ನೆಯ ಕಲಮು ಆಸ್ತಿಗೆ ಒದಗುವ ಅಡಚಣೆಯನ್ನು ನಿವಾರಿಸುವ ಹಕ್ಕು ಕೊಡುತ್ತದೆ, ಅದೂ ಆಸ್ತಿಯ ಒಡೆಯರಿಗೆ. ಆದ್ದರಿಂದ ಆಗಿಹೋದ ಕುಸಿತದ ಪರಿಹಾರಕ್ಕೆ ಆ ತೀರ್ಪನ್ನು ನೇರವಾಗಿ ಹೊಂದಿಸಲಾಗದು.

ಕೊಡಗಿನ ತೊಡಕುಗಳು ಇಲ್ಲಿಂದ ಶುರುವಾಗುತ್ತವೆ. ಒಂದು, ಕಾರಣದ ಪ್ರಶ್ನೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2018ರ ಕುಸಿತಗಳನ್ನು ಪರಿಶೀಲಿಸಿದಾಗ ವಿಪರೀತ ಮಳೆಯ ಜೊತೆಗೆ ಇಳಿಜಾರುಗಳನ್ನು ಮನುಷ್ಯರು ಕಡಿದು ಮಾರ್ಪಡಿಸಿದ್ದನ್ನೂ ಕಾರಣವೆಂದು ಗುರುತಿಸಿತು. ವಿದೇಶಿ ಕಂಪನಿಯ ವಕೀಲರಿಗೆ ಆ ಒಂದು ವರದಿ ಸಾಕು: ಗುಡ್ಡದ ಬರೆಯನ್ನು (ಇಳಿಜಾರನ್ನು) ಜೆಸಿಬಿಯಲ್ಲಿ ಅಗೆದವರು ಯಾರು, ಅನುಮತಿ ಕೊಟ್ಟವರು ಯಾರು ಎಂದು ಕೇಳಿ ಕೂರುತ್ತಾರೆ. ಆ ಪ್ರಶ್ನೆಗೆ ಉತ್ತರ ಹುಡುಕಬೇಕಾದ ಜಾಗ ಯುರೋಪಲ್ಲ. ಚೆನ್ನೈಯಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ. ಅಲ್ಲಿಯೂ ಪರಿಹಾರದ ಅರ್ಜಿಗೆ ಐದು ವರ್ಷಗಳ ಮಿತಿ ಇದೆ, ಅದು ಮುಗಿದಿದೆ.

ಎರಡನೆಯದು ಒಡೆತನ. ಕೊಡಗಿನ ವಂಶಪಾರಂಪರ್ಯದ ಜಮ್ಮಾ ಹಿಡುವಳಿಯ ಪಹಣಿಯಲ್ಲಿ ಪಟ್ಟೆದಾರರ (ಕುಟುಂಬದ ಹಿರಿಯರ) ಹೆಸರಿರುತ್ತದೆ, ಅದೂ ಎಷ್ಟೋ ಕಡೆ ತೀರಿಕೊಂಡವರದು; ಅದೇ ಜಾಗದಲ್ಲಿ ಮನೆ ಕಟ್ಟಿ ತೋಟ ಮಾಡಿದ ಒಕ್ಕದ (ಕೂಡುಕುಟುಂಬದ) ಉಳಿದವರ ಹಕ್ಕು ಮನೆಯವರಿಗೆಲ್ಲ ಗೊತ್ತು, ದಾಖಲೆಗೆ ಗೊತ್ತಿಲ್ಲ. ಸುಂಟಿಕೊಪ್ಪದವರು ಹೇಳಿದ ಐರೋಪ್ಯ ನಿಯಮದಲ್ಲಿ ಭೂಮಿಯ ಹಕ್ಕನ್ನು ತೋರಿಸಬೇಕಾಗಿ ಬಂದಾಗಲೂ ಅಡ್ಡಬರುವುದು ಇದೇ. ನಿಮ್ಮ ಅಧ್ಯಾಯ ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಕೊಡಗಿನಿಂದ ಒಂದು ದಾವೆ ಹೊರಡಬೇಕಾದರೆ ವಾದಿಯ ಹೆಸರಿನಿಂದ ಹಿಡಿದು ಏನೇನು ಬೇಕಿತ್ತು, ಅದರಲ್ಲಿ ಯಾವುದು ಇರಲಿಲ್ಲ ಎಂಬುದನ್ನು ಬರೆದರೆ ನಿಮ್ಮ ಮಾರ್ಗದರ್ಶಕರೂ ಒಪ್ಪಬಹುದು. ಕಲ್ಪಿತ ಪ್ರತಿವಾದಿಯನ್ನು ನಿಲ್ಲಿಸಿಕೊಳ್ಳುವ ಅಗತ್ಯ ಬೀಳುವುದಿಲ್ಲ.

ಗಡಿಯೆಂದರೆ ಸಮುದ್ರದಾಚೆ ಎಂದೇ ಎಣಿಸಬೇಡಿ. ಮೇಘಾಲಯದ ಸುಣ್ಣಕಲ್ಲನ್ನು ಚಲಿಸುವ ಸಾಗಣೆ ಪಟ್ಟಿಯ (ಕನ್ವೇಯರ್ ಬೆಲ್ಟ್) ಮೇಲೆ ಬಾಂಗ್ಲಾದೇಶದ ಛಾತಕ್‌ನ ಸಿಮೆಂಟ್ ಕಾರ್ಖಾನೆಗೆ ಒಯ್ಯುತ್ತಿದ್ದ ಲಾಫಾರ್ಜ್ ಪ್ರಕರಣದಲ್ಲಿ, ಗಣಿಯ ಜಾಗ ಕಾಡು ಹೌದೇ, ಅಲ್ಲವೇ ಎಂಬ ವ್ಯಾಜ್ಯವನ್ನು 2011ರ ಜುಲೈನಲ್ಲಿ ತೀರ್ಮಾನಿಸಿದ್ದು ನಮ್ಮದೇ ಸುಪ್ರೀಂ ಕೋರ್ಟ್. ಅತ್ತ ಕಾರ್ಖಾನೆಗೆ ಕಲ್ಲು ಬರುವುದೂ ನಿಲ್ಲುವುದೂ ದೆಹಲಿಯ ಆದೇಶದ ಮೇಲೆ ನಿಂತಿತ್ತು. ಅಂತಾರಾಷ್ಟ್ರೀಯ ನ್ಯಾಯಾಲಯ 2025ರ ಜುಲೈನಲ್ಲಿ ಹವಾಮಾನದ ಕುರಿತು ನೀಡಿದ ಸಲಹಾ ಅಭಿಪ್ರಾಯವನ್ನು ಓದಿಕೊಳ್ಳಿ, ಆದರೆ ಅದು ರಾಷ್ಟ್ರಗಳ ಹೊಣೆಯ ಮಾತು. ವ್ಯಕ್ತಿಗಳು ಆ ನ್ಯಾಯಾಲಯಕ್ಕೆ ಹೋಗುವಂತಿಲ್ಲ.

ಸದ್ಯಕ್ಕೆ ಮಾಡಬೇಕಾದ ಕೆಲಸ ಇನ್ನೊಂದಿದೆ. 2018ರಲ್ಲಿ ಕಂದಾಯ ಇಲಾಖೆಯವರು ಬರೆದ ಮಹಜರುಗಳು, ಹಾನಿಯ ಅಂದಾಜು ಪಟ್ಟಿಗಳು ಮತ್ತು ಪರಿಹಾರದ ಅರ್ಜಿ ತಿರಸ್ಕರಿಸಿದ ಹಿಂಬರಹಗಳಿಗಾಗಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಗ್ರಾಮವಾರು ಪ್ರತ್ಯೇಕವಾಗಿ ಕೇಳಿ, ಒಟ್ಟಾಗಿ ಕೇಳಿದರೆ ಅಂಕಿಗಳ ಒಂದು ಹಾಳೆ ಮಾತ್ರ ಬರುತ್ತದೆ.